ಸಿಪ್ಪೆ ಸುಲಿಯದ ಬಾದಾಮಿ

"ಎಬ್ಬಿಸಿ ಅಂದ್ರೆ ಎಬ್ಬಿಸಿ! ಅವನ ಬಾಯಿಂದ ನಂಗೆ ಒಂದೇ ಒಂದು ಮಾತು ಬೇಕು."

"ಎಬ್ಬಿಸಿದ್ರೆ ಸಾಯ್ತಾನೆ. ಆಮೇಲೆ ಆ ಒಂದು ಮಾತನ್ನ ಹೆಣದ ಹತ್ರ ಕೇಳ್ಕೊಳ್ಳಿ."

"ಮಲಗಿಸಿಟ್ರೂ ಸಾಯ್ತಾ ಇದಾನಲ್ರೀ! ಮೂರು ದಿನದಿಂದ ನೀವಿಲ್ಲಿ ಮಾಡ್ತಿರೋದಾದ್ರೂ ಏನು? ಕಾಯೋದು. ಬರೀ ಕಾಯೋದಕ್ಕೆ ಡಾಕ್ಟರ್ ಯಾಕೆ, ಬಾಗಿಲಿಗೊಂದು ನಾಯಿ ಕಟ್ಟಿದ್ರೆ ಸಾಕು."

ಡಾಕ್ಟರ್ ಆಸ್ಗರ್ ರೌನ್ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದ. ಕಾಫಿ ಅವನ ಬಿಳಿ ತೋಳಿಗೆ ಹಾರಿತು. ಒರೆಸಿಕೊಳ್ಳುವ ಗೋಜಿಗೂ ಅವನು ಹೋಗಲಿಲ್ಲ.

"ಇದು ನಿಮ್ಮ ಠಾಣೆಯಲ್ಲ ಬೋಡಿಲ್. ಇಲ್ಲಿ ನಿಮ್ಮ ಗಂಟಲು ನಡೆಯಲ್ಲ."

ಇನ್‌ಸ್ಪೆಕ್ಟರ್ ಬೋಡಿಲ್ ಕ್ವಿಸ್ಟ್‌ಳ ಗಂಟಲು ಡೆನ್ಮಾರ್ಕಿನ ಈ ಹ್ವಿಲ್ಬಿ ಊರಿಗೆಲ್ಲ ಗೊತ್ತು. ಐವತ್ತು ದಾಟಿದ ದಪ್ಪ ಮೂಳೆಯ ಹೆಂಗಸು. ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು, ಆಮೇಲೆ ಮಾತು ಕೆಂಪಾಗುತ್ತಿತ್ತು. ಈಗ ಎರಡೂ ಆಗಿದ್ದವು.

ಗಾಜಿನಾಚೆ ಬಡಗಿ ಥೋರ್ಕಿಲ್ ಮಲಗಿದ್ದ. ಬಾಯಿಗೆ ಕೊಳವೆ, ಎದೆಗೆ ಯಂತ್ರ ತುಂಬುವ ಉಸಿರು. ಕ್ರಿಸ್‌ಮಸ್ ಊಟದ ಮರುದಿನ ಬೆಳಿಗ್ಗೆ ಹಿನ್ನೀರಿನ ರಸ್ತೆಯ ಚರಂಡಿಯಲ್ಲಿ ಮಗುಚಿದ ಕಾರಿನೊಳಗೆ ಅವನು ಸಿಕ್ಕಿದ್ದ. ಪಕ್ಕದಲ್ಲಿರಬೇಕಿದ್ದ ಏಳು ವರ್ಷದ ಮಗಳು ಲೇರ್ಕೆ ಸಿಕ್ಕಿರಲಿಲ್ಲ.

ಅಂದಿನಿಂದ ಜನ ಹಿನ್ನೀರಿನ ಮಂಜುಗಡ್ಡೆಯನ್ನು ಕೋಲಿನಿಂದ ಕುಟ್ಟುತ್ತಿದ್ದರು. ಮಗುವಿನ ಸೋದರಮಾವ ವಿಗ್ಗೊ ಅವರ ಮುಂದಾಳು. ಮೀನು ದೋಣಿಯವನು. ನಿದ್ದೆಯಿಲ್ಲದೆ ಅವನ ಕಣ್ಣು ಬಾತಿತ್ತು. ಠಾಣೆಯವರಿಗೆಲ್ಲ ಅವನೇ ಬಿಸಿ ಸೂಪು ಹೊತ್ತು ತರುತ್ತಿದ್ದ. "ಅವನು ಬೇಕಂತಲೇ ಕಾರನ್ನ ನೀರಿನ ಕಡೆ ಬಿಟ್ಟಿದಾನೆ. ಮಗು ನನ್ನ ತಂಗಿಗೆ ಸಿಗಬಾರದು ಅಂತ," ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಥೋರ್ಕಿಲ್‌ನಿಂದ ಬೇರೆಯಾಗಿ ಎರಡು ವರ್ಷವಾಗಿದ್ದ ಅವನ ತಂಗಿ ದೋರ್ತೆ ಅದನ್ನು ನಂಬಿಯೂ ಇರಲಿಲ್ಲ, ನಂಬದೆಯೂ ಇರಲಿಲ್ಲ. ಆಸ್ಪತ್ರೆಯ ಪಡಸಾಲೆಯ ಕುರ್ಚಿಯಲ್ಲಿ ಕೂತವಳು ಎದ್ದೇ ಇರಲಿಲ್ಲ.

ಮೇಲಿನವರಿಂದ ಇವತ್ತು ಬೆಳಿಗ್ಗೆ ಬೋಡಿಲ್‌ಗೆ ಮಾತು ಬಂದಿತ್ತು. ಸಂಜೆ ಕತ್ತಲಾದ ಮೇಲೆ ದಂಡೆಯ ಹುಡುಕಾಟ ನಿಲ್ಲಿಸಿ, ನಾಳೆಯಿಂದ ನೀರಿನೊಳಗೆ ಮಾತ್ರ ನೋಡಿ. ಅದರ ಅರ್ಥ ಏನೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀರಿನೊಳಗೆ ಯಾರೂ ಜೀವಂತ ಮಗುವನ್ನು ಹುಡುಕುವುದಿಲ್ಲ.

"ಸರಿ, ಎಬ್ಬಿಸಬೇಡಿ. ಎದೆಯೊಳಗೆ ಸ್ಕೋಪ್ ಇಳಿಸಿ ನೋಡಿ. ಅದಕ್ಕೇನು ಅಡ್ಡಿ?"

"ಅಗತ್ಯ ಇಲ್ಲ. ನ್ಯುಮೋನಿಯಾ ಅದು. ವಾಂತಿ ಒಳಗೆ ಹೋಗಿದೆ. ಔಷಧಿ ಕೊಡ್ತಾ ಇದೀನಿ."

"ಬಲಗಡೆ ಶ್ವಾಸಕೋಶದ ಕೆಳಗಿನ ಭಾಗಕ್ಕೆ ಗಾಳೀನೇ ಹೋಗ್ತಿಲ್ವಂತೆ. ಏನೋ ಅಡ್ಡ ಕೂತ ಹಾಗಿದೆಯಂತೆ."

"ಯಾರು ಹೇಳಿದ್ದು?"

ಮೂಲೆಯಲ್ಲಿ ನರ್ಸ್ ಟೋವೆ ಇಲ್ಲದ ಕೆಲಸ ಹುಡುಕಿಕೊಂಡು ಹಾಸಿಗೆ ಬಟ್ಟೆ ಮಡಿಸತೊಡಗಿದಳು. ಆಸ್ಗರ್ ಅವಳನ್ನು ಸುಡುವಂತೆ ನೋಡಿದ.

"ಎಕ್ಸ್‌ರೇಯಲ್ಲಿ ಏನೂ ಇಲ್ಲ."

"ಹಲ್ಲು, ಮೊಳೆ, ನಾಣ್ಯ ಆದ್ರೆ ಎಕ್ಸ್‌ರೇಯಲ್ಲಿ ಕಾಣುತ್ತೆ. ತಿನ್ನೋ ವಸ್ತು ಕಾಣಲ್ಲ ಅಂತ ನೀವೇ ನಿನ್ನೆ ಹೇಳಿದ್ರಿ! ಮಗುವಿನ ತಾಯಿ ಅಲ್ಲಿ ಕೂತು ತನ್ನ ತೋಳಿನ ಉಣ್ಣೆ ಕಚ್ಚಿ ಕಚ್ಚಿ ತೂತು ಮಾಡಿದಾಳೆ. ನಿಮಗೆ ಕರುಳು ಅನ್ನೋದಿದ್ರೆ—"

"ಕರುಳಿನ ಮಾತು ನನ್ನ ಹತ್ರ ಬೇಡ!" ಆಸ್ಗರ್ ಅವಳ ಮಾತನ್ನು ಕತ್ತರಿಸಿದ. "ಹೆಂಡ್ತಿ ಗೆರ್ದಾ ತೀರ್ಕೊಂಡ ಮೇಲೆ ಮೊದಲ ಕ್ರಿಸ್‌ಮಸ್ ನನಗಿದು. ಊರೆಲ್ಲ ಮೇಜಿಗೆ ದೀಪ ಹಚ್ಚಿ ಉಣ್ಣುವಾಗ ನಾನೊಬ್ಬನೇ ಅಡುಗೆಮನೇಲಿ ನಿಂತು ಕರಿ ರೊಟ್ಟಿಗೆ ಉಪ್ಪು ಮೀನು ಹಚ್ಕೊಂಡು ತಿಂದಿದೀನಿ. ಕಳ್ಕೊಳ್ಳೋದು ಅಂದ್ರೇನು ಅಂತ ನೀವು ನಂಗೆ ಹೇಳ್ಕೊಡಬೇಡಿ."

ಬೋಡಿಲ್‌ಳ ಕಿವಿಯ ಕೆಂಪು ಇಳಿಯಲಿಲ್ಲ.

"ಹಾಗಾದ್ರೆ ಕೇಳಿ. ಹಿಮಗಾಳಿ ಇಳೀತಾ ಇದೆ. ಎರಡು ಗಂಟೆಗೆ ಹೆಲಿಕಾಪ್ಟರ್ ಕಳಿಸ್ತೀನಿ ಅಂದಿದಾರೆ. ಇವನನ್ನ ಓಲ್ಬೋರ್ಗ್‌ನ ದೊಡ್ಡಾಸ್ಪತ್ರೆಗೆ ಹೊತ್ಕೊಂಡು ಹೋಗಿ ಅಲ್ಲಿ ಸ್ಕೋಪ್ ಹಾಕಿಸ್ತೀನಿ. ಅಲ್ಲಿರೋ ಡಾಕ್ಟ್ರುಗಳು ನೋಡ್ಲಿ, ಇಲ್ಲಿ ಯಾಕೆ ಹಾಕ್ಲಿಲ್ಲ ಅಂತ ಕೇಳ್ಲಿ."

ಆಗ ಆದದ್ದನ್ನು ಬೋಡಿಲ್ ಆಮೇಲೆ ಎಷ್ಟೋ ಸಲ ನೆನೆದಳು. ಆಸ್ಗರ್‌ನ ಮುಖದಲ್ಲಿ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು. ಗಾಜಿನಾಚೆಯ ಯಂತ್ರವನ್ನೊಮ್ಮೆ ನೋಡಿದ. ರಕ್ತದಲ್ಲಿನ ಆಮ್ಲಜನಕದ ಅಂಕಿ ಬೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.

"ಬೇಡ," ಅಂದ. "ಯಾರನ್ನೂ ಕರೀಬೇಡಿ. ನಾನೇ ಹಾಕ್ತೀನಿ. ಆದ್ರೆ ಈ ವಿಷಯ ಈ ಕೋಣೆ ದಾಟಬಾರದು. ಯಾರಿಗೂ. ತಾಯಿಗೂ ಹೇಳೋ ಹಾಗಿಲ್ಲ."

ಅಷ್ಟು ಜಗಳವಾಡಿದ ಮನುಷ್ಯ ಅಷ್ಟು ಸುಲಭಕ್ಕೆ ಯಾಕೆ ಸೋತ? ಯೋಚಿಸಲು ಬೋಡಿಲ್‌ಗೆ ಪುರಸೊತ್ತಿರಲಿಲ್ಲ.

*

ಎಂಡೋಸ್ಕೋಪಿ ಕೋಣೆ ಸಣ್ಣದು. ಬೆಳಿಗ್ಗೆ ಹೊಟ್ಟೆ ಕರುಳು ನೋಡುವವರ ಸಾಲು, ಮಧ್ಯಾಹ್ನ ಶ್ವಾಸಕೋಶದವರ ಸಾಲು. ರಜೆಯಾದ್ದರಿಂದ ಇವತ್ತು ಎರಡೂ ಇರಲಿಲ್ಲ. ಥೋರ್ಕಿಲ್‌ನ ಮಂಚವನ್ನು ತಳ್ಳಿ ತಂದರು. ಅರಿವಳಿಕೆಯ ಡಾಕ್ಟರಮ್ಮ ತಲೆಯ ಕಡೆ ನಿಂತಳು. ಬೋಡಿಲ್ ಗೋಡೆಗೆ ಒರಗಿದಳು. ಅವಳ ಬೂಟಿಗೆ ನೀಲಿ ಚೀಲ ತೊಡಿಸಿದ್ದರು.

"ಟೋವೆ, ತಂತಿ ಬುಟ್ಟಿ ತೆಗೆದಿಡು. ದೊಡ್ಡದು."

"ಬುಟ್ಟಿನಾ?" ಟೋವೆ ತಿರುಗಿ ನೋಡಿದಳು. ಒಳಗೆ ಸಿಕ್ಕಿಕೊಂಡ ಗಟ್ಟಿ ವಸ್ತುವನ್ನು ಅಪ್ಪಿ ಹಿಡಿದು ಎಳೆಯುವ ಸಾಧನ ಅದು. "ಕಫ ಎಳೆಯೋಕೆ ಬುಟ್ಟಿ ಯಾಕೆ ಆಸ್ಗರ್? ಪೈಪು ಸಾಕಲ್ಲ."

"ಹೇಳಿದ್ದು ಮಾಡು."

"ಮಾಡ್ತೀನಪ್ಪ. ಬೆಳಿಗ್ಗೆಯಿಂದ ಎಲ್ರೂ ನನ್ನ ಮೇಲೇ ಹಾಯ್ತಾರೆ."

ಬೋಡಿಲ್ ಗೋಡೆ ಬಿಟ್ಟು ನೇರ ನಿಂತಳು. ನ್ಯುಮೋನಿಯಾ, ವಾಂತಿ, ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದು ಹಟ ಹಿಡಿದವನು ಒಳಗೆ ನೋಡುವ ಮೊದಲೇ ಬುಟ್ಟಿ ಕೇಳುತ್ತಿದ್ದಾನೆ.

ಸ್ಕೋಪ್ ಒಳಗಿಳಿಯಿತು. ಹಾವಿನ ಮರಿಯಷ್ಟು ತೆಳ್ಳನೆಯ ಕರಿ ಕೊಳವೆ, ತುದಿಗೆ ಬೆಳಕು, ಬೆಳಕಿನ ಪಕ್ಕ ಕಣ್ಣು. ಪರದೆಯ ಮೇಲೆ ಶ್ವಾಸನಾಳ ತೆರೆದುಕೊಂಡಿತು. ನಸುಗೆಂಪು ಸುರಂಗ, ಅದರ ಸುತ್ತ ಬಿಳಿ ಉಂಗುರಗಳು. ಕೆಳಗೆ ಕವಲು. ಎಡಗಡೆಯ ದಾರಿ ಸ್ವಚ್ಛ. ಬಲಗಡೆ ತಿರುಗಿದ್ದೇ ತಡ ಸುರಂಗದ ಗೋಡೆ ಕೆಂಪಗೆ ಊದಿತ್ತು. ಕೀವು ಜಿನುಗುತ್ತಿತ್ತು.

ಆಸ್ಗರ್ ಕೀವು ಎಳೆದ. ಪರದೆ ಮಸುಕಾಯಿತು, ತಿಳಿಯಾಯಿತು, ಮತ್ತೆ ಮಸುಕಾಯಿತು. ಊದಿದ ಮಾಂಸದ ನಡುವೆ ಕಂದು ಬಣ್ಣದ ಏನೋ ಒಂದು ಬೆಣೆ ಹೊಡೆದಂತೆ ಕೂತಿತ್ತು.

"ಗೆಡ್ಡೆಯಾ?" ಅಂದಳು ಡಾಕ್ಟರಮ್ಮ.

ಆಸ್ಗರ್ ಉತ್ತರಿಸಲಿಲ್ಲ. ನೀರು ಬಿಟ್ಟು ತೊಳೆದ. ಒಂದು ತುದಿ ಚೂಪು, ಇನ್ನೊಂದು ದುಂಡು. ಮೈಮೇಲೆ ಉದ್ದಕ್ಕೂ ಸಣ್ಣ ಗೆರೆಗಳು.

"ಬಾದಾಮಿ!" ಟೋವೆ ಕೂಗಿಯೇ ಬಿಟ್ಟಳು. "ದೇವರೇ, ಬಾದಾಮಿ ಕಣ್ರೀ! ಇಡೀ ಬಾದಾಮಿ!"

ಡೆನ್ಮಾರ್ಕಿನಲ್ಲಿ ಹುಟ್ಟಿದ ಯಾರಿಗೂ ಅದರ ಅರ್ಥ ಹೇಳಬೇಕಿಲ್ಲ. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ಮುಗಿದ ಮೇಲೆ ತಣ್ಣನೆ ಅಕ್ಕಿ ಪಾಯಸ, ಮೇಲೆ ಬಿಸಿ ಚೆರ್ರಿ ರಸ. ಪಾಯಸದ ತುಂಬ ಬಾದಾಮಿ ಚೂರು, ನಡುವೆ ಎಲ್ಲೋ ಒಂದೇ ಒಂದು ಇಡೀ ಬಾದಾಮಿ. ಅದು ಸಿಕ್ಕವರಿಗೆ ಬಹುಮಾನ. ಆದರೆ ಸಿಕ್ಕವರು ಹೇಳುವುದಿಲ್ಲ. ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಹುಸಿಮುಖ ಮಾಡುತ್ತಾರೆ. ಉಳಿದವರು ಹೊಟ್ಟೆ ಬಿರಿಯುವವರೆಗೆ ತಿನ್ನುತ್ತ ಹುಡುಕುತ್ತಲೇ ಇರಬೇಕು. ಮಕ್ಕಳಿರುವ ಮನೆಯಲ್ಲಂತೂ ಅದೇ ದೊಡ್ಡ ಆಟ.

ಥೋರ್ಕಿಲ್‌ನ ಕೆನ್ನೆಯಲ್ಲಿ ಬಾದಾಮಿಯಿತ್ತು. ಅವನೆದುರು ಮಗಳು ತಟ್ಟೆ ಕೆದಕುತ್ತ ಹುಡುಕುತ್ತಿದ್ದಳು. ಅಷ್ಟರಲ್ಲಿ ಏನೋ ಆಯಿತು. ಗಾಬರಿಯೋ, ಏಟೋ. ಬಾದಾಮಿ ಗಂಟಲು ದಾಟಿ ಉಸಿರಿನ ದಾರಿ ಹಿಡಿಯಿತು.

ಬೋಡಿಲ್ ಲೆಕ್ಕ ಹಾಕಿದಳು. ಬಡಗಿಯ ಮನೆಯ ಒಲೆ ಆ ದಿನ ಹೊತ್ತಿರಲಿಲ್ಲ. ಅವನು ಹಬ್ಬದೂಟಕ್ಕೆ ತಂದಿದ್ದ ಬಾತುಕೋಳಿ ಹಸಿಹಸಿಯಾಗಿ ಫ್ರಿಜ್ಜಿನಲ್ಲೇ ಇತ್ತು. ಹಾಗಾದರೆ ಅಪ್ಪ ಮಗಳು ಬೇರೆ ಯಾರದೋ ಮೇಜಿನಲ್ಲಿ ಪಾಯಸದವರೆಗೂ ಕೂತಿದ್ದರು. ಊರಿನ ಪ್ರತಿ ಬಾಗಿಲು ಬಡಿದು ಕೇಳಿದ್ದಾಗಿತ್ತು. ನಮ್ಮಲ್ಲಿಗೆ ಬಂದಿದ್ದರು ಎಂದು ಒಬ್ಬರೂ ಹೇಳಿರಲಿಲ್ಲ.

"ನೋಡ್ರೀ, ಸಿಪ್ಪೆ ಸಮೇತ ಇದೆ," ಟೋವೆ ಪರದೆಗೆ ಮೂಗು ತಾಗಿಸುವಷ್ಟು ಬಗ್ಗಿದಳು. "ಸಿಪ್ಪೆ ಸುಲೀದೆ ಬಾದಾಮಿ ಹಾಕಿದಾರೆ! ಯಾವ ಮನೆ ಹೆಂಗಸಪ್ಪ ಇವಳು? ನಮ್ಮತ್ತೆ ನೋಡಿದ್ರೆ ಸೌಟಲ್ಲೇ ಹೊಡೀತಿದ್ರು. ಬಿಳೀ ಪಾಯಸದಲ್ಲಿ ಕಂದು ಬಾದಾಮಿ ಹಾಕಿದ್ರೆ ಎಲ್ರಿಗೂ ಕಾಣಲ್ವಾ? ಆಟಾನೇ ಕೆಡುತ್ತೆ. ಬಿಸಿನೀರಲ್ಲಿ ಹಾಕಿ ಹಿಸುಕಿದ್ರೆ ಪುಸಕ್ ಅಂತ ಬರುತ್ತೆ ಸಿಪ್ಪೆ. ಇದನ್ನ ಮಾಡಿದೋರು ಹೆಂಗಸಂತೂ ಅಲ್ಲ ಬಿಡಿ. ಯಾರೋ ಗಂಡಸು, ಮೊದಲನೇ ಸಲ ಪಾಯಸ ಮಾಡಿರೋ..."

ಅವಳ ಮಾತು ಅಲ್ಲಿಗೆ ನಿಂತಿತು.

ಟೋವೆ ನೆಟ್ಟಗಾದಳು. ಪರದೆ ಬಿಟ್ಟು ಆಸ್ಗರ್‌ನ ಬೆನ್ನು ನೋಡಿದಳು. ಅವಳ ಮುಖದಿಂದ ನಗು ಇಳಿದುಹೋಯಿತು.

"ಮುಂದೆ ಹೇಳು," ಅಂದಳು ಬೋಡಿಲ್.

"ಏನಿಲ್ಲ."

"ಟೋವೆ. ಹೇಳು."

"ಹಬ್ಬದ ಹಿಂದಿನ ದಿನ... ಆಸ್ಗರ್ ನಂಗೆ ಫೋನ್ ಮಾಡಿದ್ರು. ಅಕ್ಕಿ ಪಾಯಸ ಹೇಗೆ ಮಾಡೋದು, ಗೆರ್ದಾ ಹೇಗೆ ಮಾಡ್ತಿದ್ಲೋ ಗೊತ್ತಿಲ್ಲ ಅಂತ. ನಾನು ಎಲ್ಲ ಹೇಳಿದೆ. ಸಿಪ್ಪೆ ವಿಷಯ ಹೇಳೋದೊಂದು ಮರೆತೆ." ಅವಳ ಧ್ವನಿ ಸಣ್ಣದಾಯಿತು. "ಅದನ್ನೆಲ್ಲ ಯಾರಾದ್ರೂ ಹೇಳ್ಬೇಕಾ ಅಂದ್ಕೊಂಡೆ."

ಬೋಡಿಲ್ ಮಂಚದ ಹತ್ತಿರಕ್ಕೆ ಬಂದಳು.

"ಕರಿ ರೊಟ್ಟಿ," ಅಂದಳು ಬೋಡಿಲ್. "ಉಪ್ಪು ಮೀನು. ನಾನೊಬ್ಬನೇ."

ಆಸ್ಗರ್ ತಿರುಗಲಿಲ್ಲ. ಅವನ ಎಡಗೈ ಸ್ಕೋಪಿನ ಹಿಡಿಯ ಮೇಲಿತ್ತು, ಬಲಗೈ ಥೋರ್ಕಿಲ್‌ನ ಬಾಯಿಯ ಬಳಿ ಕೊಳವೆ ಹಿಡಿದಿತ್ತು. ಎರಡೂ ಅಲುಗಲಿಲ್ಲ.

"ಮಗು ಎಲ್ಲಿ?"

"ಬೋಡಿಲ್, ಈಗ ಬೇಡ," ಅಂದಳು ಡಾಕ್ಟರಮ್ಮ. ಅವಳ ಕಣ್ಣು ಅಂಕಿಯ ಮೇಲಿತ್ತು. ಸ್ಕೋಪ್ ಕೊಳವೆ ತುಂಬಿದ್ದರಿಂದ ಗಾಳಿ ಇನ್ನಷ್ಟು ಕಮ್ಮಿಯಾಗಿ ಅಂಕಿ ಜಾರುತ್ತಿತ್ತು.

"ಮಗು ಎಲ್ಲಿ ಅಂತ ಕೇಳಿದೆ, ಬೋಳಿಮಗನೇ! ಮೂರು ದಿನ! ಮೂರು ದಿನ ನಿನ್ನ ಮುಂದೆ ನಿಂತು ಬೇಡಿಕೊಂಡಿದೀನಿ. ಅವಳಮ್ಮ ನಿನ್ನ ಕೈ ಹಿಡ್ಕೊಂಡು ಅತ್ತಿದಾಳೆ. ನೀನು ಅವಳ ಬೆನ್ನು ಸವರಿದೆ!"

"ಈಗ ನನ್ನ ಕೈ ನಡುಗಿದ್ರೆ ಇದು ಎರಡು ಹೋಳಾಗುತ್ತೆ," ಆಸ್ಗರ್ ಮೆಲ್ಲಗೆ ಹೇಳಿದ. "ನೆಂದು ಮೆತ್ತಗಾಗಿದೆ. ಒಂದು ಹೋಳು ಎಡಗಡೆಗೆ ಬಿದ್ರೆ ಅವನ ಕತೆ ಮುಗೀತು. ಈಗ ನನ್ನ ಕೊರಳು ಹಿಡೀರಿ, ಇಲ್ಲ ಇದನ್ನ ತೆಗೆಯೋಕೆ ಬಿಡಿ. ಎರಡೂ ಆಗಲ್ಲ."

ಬೋಡಿಲ್ ಹಲ್ಲು ಕಚ್ಚಿದಳು. ಇಪ್ಪತ್ತೇಳು ವರ್ಷದ ಪೊಲೀಸ್ ಕೆಲಸದಲ್ಲಿ ಇಂಥ ಸ್ಥಿತಿ ಬಂದಿರಲಿಲ್ಲ. ಸುಳ್ಳು ಹೇಳಿದವನು ಕೈಗೆಟುಕುವಷ್ಟು ಹತ್ತಿರದಲ್ಲಿದ್ದ, ಅವನ ಕೈ ಸಾಕ್ಷಿಯ ಎದೆಯೊಳಗಿತ್ತು. ಆ ಕೈ ಹಿಡಿದರೆ ಸಾಕ್ಷಿ ಸಾಯುತ್ತಾನೆ.

"ತೆಗಿ," ಅಂದಳು. "ತೆಗೆದ ಮೇಲೆ ನೀನಿದೀಯ, ನಾನಿದೀನಿ."

ಬುಟ್ಟಿ ಸ್ಕೋಪಿನ ತುದಿಯಿಂದ ಹೊರಬಂದು ಹೂವಿನಂತೆ ಅರಳಿತು. ಮೊದಲ ಸಲ ಜಾರಿತು. ಊದಿದ ಮಾಂಸದಿಂದ ರಕ್ತ ಒಸರಿ ಪರದೆ ಕೆಂಪಾಯಿತು. ಆಸ್ಗರ್ ತಣ್ಣೀರು ಬಿಟ್ಟ, ಕಾದ, ಮತ್ತೆ ಬುಟ್ಟಿ ಅರಳಿಸಿದ. ಅವನ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ತಂತಿಗಳು ಕಂದು ಬಾದಾಮಿಯ ಸುತ್ತ ಮುಚ್ಚಿಕೊಂಡವು.

"ಸಿಕ್ತು. ಇದು ಕೊಳವೆಯೊಳಗೆ ಹಿಡಿಸಲ್ಲ. ಎಲ್ಲ ಒಟ್ಟಿಗೆ ಎಳೀತೀನಿ. ಹೊಸ ಕೊಳವೆ ಸಿದ್ಧವಾಗಿಟ್ಕೊಳ್ಳಿ."

"ಅಂಕಿ ತುಂಬ ಕೆಳಗಿದೆ ಆಸ್ಗರ್."

"ಗೊತ್ತು. ಈಗ!"

ಉಸಿರಿನ ಕೊಳವೆ, ಸ್ಕೋಪ್, ಬುಟ್ಟಿ ಒಂದೇ ಎಳೆತಕ್ಕೆ ಹೊರಬಂದವು. ಥೋರ್ಕಿಲ್‌ನ ತುಟಿ ನೇರಳೆಯಾಯಿತು. ಯಂತ್ರ ಕಿರುಚಿತು. ಡಾಕ್ಟರಮ್ಮ ಹೊಸ ಕೊಳವೆ ಇಳಿಸಿದಳು. ಇಳಿಯಲಿಲ್ಲ. ಬೈದುಕೊಂಡಳು, ಮತ್ತೆ ಇಳಿಸಿದಳು.

ಆಮೇಲೆ ಎದೆ ಏರಿತು. ಎರಡೂ ಕಡೆ ಒಂದೇ ಸಮ ಏರಿತು. ಅಂಕಿ ಒಂದೊಂದಾಗಿ ಮೇಲೆ ಬಂತು.

ಸ್ಟೀಲ್ ಬಟ್ಟಲಿನಲ್ಲಿ ಬಾದಾಮಿ ಬಿದ್ದಿತ್ತು. ಮಗುವಿನ ಹೆಬ್ಬೆರಳಿನಷ್ಟು ದೊಡ್ಡದೂ ಇರಲಿಲ್ಲ.

"ಈಗ ಮಾತಾಡು," ಅಂದಳು ಬೋಡಿಲ್.

ಆಸ್ಗರ್ ಸ್ಟೂಲಿನ ಮೇಲೆ ಕುಸಿದು ಕೂತ. ಅರವತ್ತರ ಹತ್ತಿರದ ಮನುಷ್ಯ ಆ ಹೊತ್ತಿಗೆ ಎಂಬತ್ತರವನಂತೆ ಕಂಡ.

"ಹಬ್ಬದ ಹಿಂದಿನ ದಿನ ನನ್ನ ಮನೆ ಕಿಟಕಿ ರಿಪೇರಿಗೆ ಬಂದಿದ್ದ. ಜೊತೆಗೆ ಮಗು. ಅವರಿಗೂ ಯಾರೂ ಇರ್ಲಿಲ್ಲ, ನನಗೂ ಯಾರೂ ಇರ್ಲಿಲ್ಲ. ಬನ್ನಿ, ಊಟ ಮಾಡೋಣ ಅಂದೆ. ಅಷ್ಟೇ. ಅಷ್ಟೇ ನಾನು ಮಾಡಿದ್ದು." ಮುಖ ಉಜ್ಜಿಕೊಂಡ. "ಕಂದು ಬಾದಾಮಿ ಅಂತ ಮಗು ಬಿದ್ದು ಬಿದ್ದು ನಕ್ಕಿತು. ಆದ್ರೂ ಅವಳ ಕಣ್ಣು ತಪ್ಪಿಸಿ ಇವನು ಬಾಯಿಗೆ ಹಾಕ್ಕೊಂಡ. ಆಗ ಬಾಗಿಲು ಬಡಿದ ಸದ್ದು. ಬಂದವನು ಮಗುವನ್ನ ಎಳ್ಕೊಂಡು ಹೋದ, ಇವನು ಕೆಮ್ತಾ ಕೆಮ್ತಾನೇ ಕಾರಲ್ಲಿ ಅವನ ಬೆನ್ನು ಹತ್ತಿದ."

"ಯಾರು?"

ಆಸ್ಗರ್ ತಲೆ ಅಲ್ಲಾಡಿಸಿದ.

"ಯಾರು ಅಂದೆ!"

"ನಿಮಗೆ ಹೇಳಿದ್ರೆ ಅವನಿಗೆ ಗೊತ್ತಾಗುತ್ತೆ. ನಿಮ್ಮ ಠಾಣೇಲಿ ಯಾರು ಏನಾಡಿದ್ರೂ ಅವನ ಕಿವಿಗೆ ಹೋಗುತ್ತೆ. 'ಥೋರ್ಕಿಲ್ ಬಾಯಿ ಬಿಡದೆ ಮಲಗಿರೋವರೆಗೂ ಮಗು ಬೆಚ್ಚಗಿರುತ್ತೆ. ಅವನನ್ನ ಮಲಗಿಸಿಡೋದು ನಿನ್ನ ಕೆಲಸ.' ಇಷ್ಟೇ ನಂಗೆ ಹೇಳಿದ್ದು. ದಿನಾ ಬೆಳಿಗ್ಗೆ ಫೋನಲ್ಲಿ ಮಗುವಿನ ಧ್ವನಿ ಕೇಳಿಸ್ತಾನೆ. ಇವತ್ತೂ ಕೇಳಿಸಿದ."

"ಬದುಕಿದಾಳೆ?"

"ಬೆಳಿಗ್ಗೆ ಬದುಕಿದ್ಲು."

ಟೋವೆ ಬಾಯಿಗೆ ಕೈ ಅಡ್ಡ ಹಿಡಿದಳು. ಬದುಕಿದ್ದಾಳೆ. ಅದರ ಬೆನ್ನಿಗೇ ಬೋಡಿಲ್‌ಗೆ ಇನ್ನೊಂದು ಮಾತು ಹೊಳೆಯಿತು. ಮೂರು ದಿನ ಈ ಮನುಷ್ಯ ಮಗುವಿಗಾಗಿ ಸುಳ್ಳು ಹೇಳುತ್ತಿದ್ದ. ಹೆಲಿಕಾಪ್ಟರ್ ತೋರಿಸಿ ಹೆದರಿಸಿ ಆ ಸುಳ್ಳನ್ನು ಒಡೆದವಳು ತಾನು.

"ಮೊದಲೇ ನನ್ನ ಕಿವೀಲಿ ಹೇಳಿದ್ರೆ—"

"ನಿಮ್ಮ ಕಿವೀಲಾ?" ಆಸ್ಗರ್ ಕಹಿಯಾಗಿ ನಕ್ಕ. "ನೀವು ಪಿಸುಗುಟ್ಟಿದ್ರೂ ಬಂದರಿನವರೆಗೆ ಕೇಳುತ್ತೆ ಬೋಡಿಲ್."



ಆಸ್ಗರ್ ಎದ್ದು ಬಳಸಿದ ಸ್ಕೋಪನ್ನು ಬಟ್ಟಲಿನೊಳಗೆ ಸುತ್ತಿಟ್ಟ. "ಇದನ್ನ ಈಗಲೇ ತೊಳೀಬೇಕು. ಒಣಗಿದ್ರೆ ಒಳಗಿನ ಕೊಳಕು ಕಲ್ಲಾಗುತ್ತೆ, ನಾಳೆ ಇನ್ನೊಬ್ಬನ ಎದೆಗೆ ಹೋಗುತ್ತೆ. ಟೋವೆ, ನೀನು ಅವನನ್ನ ಬಿಟ್ಟು ಅಲ್ಲಾಡಬೇಡ. ನಾನೇ ತೊಳೀತೀನಿ."

"ಬಾಗಿಲು ತೆರೆದಿರ್ಲಿ," ಅಂದಳು ಬೋಡಿಲ್. "ತೊಳೀತಾ ಹೆಸರು ಹೇಳು."

ಅವನು ಪಕ್ಕದ ತೊಳೆಯುವ ಕೋಣೆಗೆ ಹೋದ. ತೆರೆದ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು. ತೊಟ್ಟಿಗೆ ನೀರು ಬಿಟ್ಟು ಬ್ರಷ್ಷು ತೆಗೆದುಕೊಂಡ.

"ಬೋಡಿಲ್!" ಟೋವೆ ಕರೆದಳು. "ಕಣ್ಣು ಬಿಟ್ಟ!"

ಥೋರ್ಕಿಲ್‌ನ ರೆಪ್ಪೆ ಅರೆ ತೆರೆದಿದ್ದವು. ಗಾಳಿ ಸಿಕ್ಕ ಮೈ ಅರಿವಳಿಕೆಯನ್ನು ಕೊಡವಿಕೊಳ್ಳುತ್ತಿತ್ತು. ಬಾಯಲ್ಲಿ ಕೊಳವೆ, ಮಾತು ಬರುವ ಹಾಗಿಲ್ಲ. ಬೋಡಿಲ್ ಬಗ್ಗಿ ಅವನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದಳು. ಬಡಗಿಯ ಕೈ, ಒರಟು ಚಕ್ಕೆಯಂತಿತ್ತು.

"ಥೋರ್ಕಿಲ್, ನಾನು ಬೋಡಿಲ್. ಲೇರ್ಕೆ ಬದುಕಿದಾಳೆ. ಕೇಳಿಸ್ತಾ? ಹೌದು ಅನ್ನೋದಾದ್ರೆ ಕೈ ಹಿಸುಕು."

ಬೆರಳು ಬಿಗಿಯಾದವು. ಅವನ ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು.

"ಊಟದ ಹೊತ್ತಿಗೆ ಬಂದವನು, ನಿನಗೆ ಗೊತ್ತಿರೋನಾ?"

ಹಿಸುಕಿದ.

"ಆಸ್ಗರ್ ಕಡೆಯವನಾ?"

ಕೈ ಸುಮ್ಮನಿತ್ತು.

"ನಿನ್ನ ಕಡೆಯವನಾ?"

ಸುಮ್ಮನಿತ್ತು. ಉಳಿದದ್ದು ಒಂದೇ ಪ್ರಶ್ನೆ. ಅದನ್ನು ಕೇಳಲು ಬೋಡಿಲ್‌ಗೆ ಇಷ್ಟವಿರಲಿಲ್ಲ.

"ದೋರ್ತೆ ಕಡೆಯವನಾ?"

ಥೋರ್ಕಿಲ್ ಅವಳ ಬೆರಳ ಮೂಳೆ ನೋಯುವಷ್ಟು ಹಿಸುಕಿದ. ಬಿಡಲಿಲ್ಲ.

ಮಂಜುಗಡ್ಡೆಯ ಮೇಲೆ ಕೋಲು ಹಿಡಿದು ಜನರನ್ನು ನಡೆಸುತ್ತಿದ್ದವನು. ಇಲ್ಲಿ ಹುಡುಕಿ, ಅಲ್ಲಿ ಬೇಡ ಎಂದು ಕೈ ತೋರಿಸುತ್ತಿದ್ದವನು. ಠಾಣೆಯ ಅಡುಗೆಮನೆಯಲ್ಲಿ ನಿಂತು ಎಲ್ಲರ ಲೋಟಕ್ಕೆ ಸೂಪು ಬಗ್ಗಿಸುತ್ತ ಎಲ್ಲರ ಮಾತು ಕೇಳುತ್ತಿದ್ದವನು. ನಿನ್ನೆ ತಾನೇ ಅವನ ಹೆಗಲ ಮೇಲೆ ಕೈಯಿಟ್ಟು "ಸ್ವಲ್ಪ ಮಲಗಪ್ಪ ವಿಗ್ಗೊ" ಅಂದಿದ್ದಳು ಬೋಡಿಲ್.

"ಆಸ್ಗರ್!" ಅವಳು ತಿರುಗಿ ಕೂಗಿದಳು. "ವಿಗ್ಗೊ ತಾನೇ?"

ತೊಟ್ಟಿಯ ಮುಂದೆ ಯಾರೂ ಇರಲಿಲ್ಲ.

ಬೋಡಿಲ್ ಒಳನುಗ್ಗಿದಳು. ಸ್ಕೋಪ್ ನೀರಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ನೆಲದ ಮೇಲೆ ಅಡ್ಡಲಾಗಿ ಕೆಂಪು ಪಟ್ಟಿ, ಅದರಾಚೆ ಇನ್ನೊಂದು ಬಾಗಿಲು. ಅದು ಅರೆ ತೆರೆದಿತ್ತು.

"ಇಲ್ಲೊಂದು ಬಾಗಿಲಿದೆ ಅಂತ ಯಾಕೆ ಹೇಳ್ಲಿಲ್ಲ?"

"ಅದು ಶುದ್ಧದ ಕಡೆ," ಟೋವೆ ಮಂಚದ ಬಳಿಯಿಂದಲೇ ಕೂಗಿದಳು. "ತೊಳೆದ ಸ್ಕೋಪು ಮಾತ್ರ ಆ ಕಡೆ ಹೋಗೋದು. ಕೊಳೆ ಕಡೆಯಿಂದ ಮನುಷ್ಯರು ಆ ಪಟ್ಟಿ ದಾಟೋ ಹಾಗಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಒಂದು ಸಲಾನೂ ದಾಟಿಲ್ಲ. ಆಸ್ಗರ್ ಅಂತೂ ದಾಟಿದವರನ್ನ ಬೈತಿದ್ರು."

ಬೋಡಿಲ್ ದಾಟಿದಳು. ಬೀರುಗಳ ಸಾಲು, ಸಣ್ಣ ಓಣಿ, ಪಡಸಾಲೆ.

ಪಡಸಾಲೆಯಲ್ಲಿ ದೋರ್ತೆ ಎದ್ದು ನಿಂತಿದ್ದಳು. ಮೂರು ದಿನದಲ್ಲಿ ಮೊದಲ ಸಲ ಎದ್ದಿದ್ದಳು. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಕಣ್ಣು ಬಿಟ್ನಂತೆ! ಆ ನರ್ಸಮ್ಮ ಕೂಗಿದ್ದು ಇಲ್ಲಿವರೆಗೆ ಕೇಳಿಸ್ತು! ಏನಂದ ಬೋಡಿಲ್? ಎಲ್ಲಿದಾಳಂತೆ ನನ್ನ ಮಗಳು?"

"ದೋರ್ತೆ, ಡಾಕ್ಟರ್ ಈ ಕಡೆ ಬಂದ್ರಾ?"

"ಈಗ ತಾನೇ ಹೋದ್ರು. ಕೋಟೂ ಹಾಕ್ಕೊಂಡಿರ್ಲಿಲ್ಲ. 'ಯಾರಿಗಾದ್ರೂ ಫೋನ್ ಮಾಡಿದ್ಯಾ' ಅಂತ ಕೇಳಿದ್ರು. ಮಾಡಿದೀನಿ ಅಂದೆ. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, 'ಕರ್ಕೊಂಡು ಬರ್ತೀನಿ, ಇಲ್ಲೇ ಇರು' ಅಂದ್ರು."

"ಯಾರಿಗೆ ಫೋನ್ ಮಾಡ್ದೆ?"

"ಇನ್ಯಾರಿಗೆ? ಅಣ್ಣನಿಗೆ. ವಿಗ್ಗೊಗೆ. ಪಾಪ, ಆ ಚಳೀಲಿ ಹಗಲೂ ರಾತ್ರಿ ಹುಡುಕ್ತಿದಾನೆ. ಅವನಿಗೆ ಮೊದಲು ಗೊತ್ತಾಗ್ಲಿ ಅಂತ."

ಬೋಡಿಲ್ ಅವಳನ್ನು ಬಯ್ಯಲಿಲ್ಲ. ಅವಳ ಜೀವಮಾನದಲ್ಲಿ ಬೈಗುಳ ನಾಲಿಗೆಗೆ ಬರದೇ ಹೋದದ್ದು ಅದೇ ಮೊದಲು.

ಕಿಟಕಿಗೆ ಓಡಿದಳು. ಕೆಳಗೆ ಆಸ್ಗರ್‌ನ ಹಳೆಯ ಬೂದು ಕಾರು ಹಿಮದಲ್ಲಿ ಜಾರುತ್ತ ಗೇಟು ದಾಟಿತು. ಅದು ಅವನ ಮನೆಯ ಕಡೆ ತಿರುಗಲಿಲ್ಲ. ಬಂದರಿನ ಕಡೆ ತಿರುಗಿತು.

ಹುಡುಕುವವರ ಗುಂಪಿಗೆ ಫೋನ್ ಹಚ್ಚಿದಳು. ಯಾರೋ ಹುಡುಗ ಎತ್ತಿದ.

"ವಿಗ್ಗೊನಾ? ಈಗ ಹೋದ್ರಲ್ಲ. ತಂಗಿ ಫೋನ್ ಬಂತು, ದೋಣಿಮನೇಲಿ ಏನೋ ಕೆಲಸ ಇದೆ ಅಂದ್ರು. ನೀವೆಲ್ಲ ಇಲ್ಲೇ ಕುಟ್ತಾ ಇರಿ ಅಂದ್ರು. ಯಾಕಮ್ಮ?"

ಬಂದರಿನಲ್ಲಿ ದೋಣಿಮನೆಗಳ ಒಂದು ಊರೇ ಇದೆ. ಯಾವುದು ವಿಗ್ಗೊನದು, ಯಾವುದು ಅವನು ಬಾಡಿಗೆಗೆ ಹಿಡಿದದ್ದು, ಬೋಡಿಲ್‌ಗೆ ಗೊತ್ತಿರಲಿಲ್ಲ. ಇದ್ದ ಒಂದೇ ಗಸ್ತು ಕಾರನ್ನು ಅಲ್ಲಿಗೆ ಅಟ್ಟಿದಳು. ತಾನೂ ಹೊರಟವಳು ಮೆಟ್ಟಿಲ ಬಳಿ ನಿಂತಳು. ವಿಗ್ಗೊ ಆ ಹುಡುಗನಿಗೆ ಹೇಳಿದಂತೆ ಬಂದರಿಗೇ ಹೋಗುತ್ತಾನೆ ಎಂದು ನಂಬುವುದು ಹೇಗೆ? ಬಾಯಿ ಬಿಡಲಿರುವವನು ಇಲ್ಲಿ ಮಲಗಿದ್ದಾನೆ. ಕಾವಲಿಗೆ ಟೋವೆ ಮತ್ತು ಒಬ್ಬಳು ಡಾಕ್ಟರಮ್ಮ. ವಿಗ್ಗೊ ಸೂಪಿನ ಪಾತ್ರೆ ಹಿಡಿದು ಬಂದರೆ ಈ ಆಸ್ಪತ್ರೆಯಲ್ಲಿ ಅವನಿಗೆ ಬಾಗಿಲು ತೆರೆಯದವರು ಯಾರೂ ಇಲ್ಲ.

ಅವಳು ಮೆಟ್ಟಿಲಿಳಿಯಲಿಲ್ಲ. ವಾಪಸು ಬಂದು ಥೋರ್ಕಿಲ್ ಮಲಗಿದ್ದ ಎಂಡೋಸ್ಕೋಪಿ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ದೋರ್ತೆ ಕಿಟಕಿಗೆ ಹಣೆ ತಾಗಿಸಿ ಗೇಟಿನ ಕಡೆ ನೋಡುತ್ತಿದ್ದಳು.

"ಬರ್ತಾರೆ," ಅಂದಳು. "ಡಾಕ್ಟರ್ ಹೇಳಿದ ಮೇಲೆ ಬಂದೇ ಬರ್ತಾರೆ. ಅಲ್ವಾ ಬೋಡಿಲ್?"

ಗಸ್ತು ಕಾರಿನವರು ಫೋನ್ ಮಾಡಿದರು. ಬೂದು ಕಾರು ಬಂದರಿನ ತುದಿಯಲ್ಲಿ ನಿಂತಿದೆ, ಬಾಗಿಲು ತೆರೆದಿದೆ, ಎಂಜಿನ್ ಓಡುತ್ತಲೇ ಇದೆ. ಒಳಗೆ ಯಾರೂ ಇಲ್ಲ. ಕಾರಿನಿಂದ ಒಂದು ಜೊತೆ ಹೆಜ್ಜೆ ಹಿಮದ ಮೇಲೆ ದೋಣಿಮನೆಗಳ ಕಡೆ ಹೋಗಿದೆ. ವಾಪಸು ಬಂದ ಹೆಜ್ಜೆ ಕಾಣುತ್ತಿಲ್ಲ.

ಹೊರಗೆ ಬೆಳಕು ಇಳಿಯಿತು. ಗೇಟಿನ ದೀಪ ಹತ್ತಿತು. ಆಸ್ಗರ್ ಬರಲಿಲ್ಲ.